ಡಿಕ್ಕಿಯಲ್ಲಿಟ್ಟ ಪ್ರಾಣ

ಒಂದಾನೊಂದು ಊರು, ಆ ಊರಿಗೊಬ್ಬ ರಾಕ್ಷಸ. ಎಲ್ಲರಿಗೂ ಪ್ರಾಣ ಎದೆಯಲ್ಲಿದ್ದರೆ ಇವನಿಗೆ ಅಲ್ಲಿಟ್ಟುಕೊಳ್ಳಲು ಭಯ. ಎದೆಯೊಳಗೆ ಯಾವಾಗಲೂ ಸಿಟ್ಟಿನ ಒಲೆ ಉರಿಯುತ್ತಿತ್ತಂತೆ. ಆ ಬಿಸಿಗೆ ಪ್ರಾಣ ಬಾಡಿಹೋದರೆ ಏನು ಗತಿ ಅಂತ. ಒಂದು ದಿನ ಅದನ್ನು ಮೆಲ್ಲಗೆ ಕಿತ್ತು, ಬೆನ್ನಿಗೊಂದು ಪೆಟ್ಟಿಗೆ ಕಟ್ಟಿಕೊಂಡು ಅದರೊಳಗಿಟ್ಟ. ಪೆಟ್ಟಿಗೆಯಿಂದ ಎದೆಗೆ ಒಂದು ದಾರ ಎಳೆದ. ದಾರದ ಮೇಲೆ ಪ್ರಾಣ ಹೋಗಿ ಬಂದು ಮಾಡಿಕೊಂಡಿತ್ತು, ರಾಕ್ಷಸ ಸುಖವಾಗಿದ್ದ.

ಅಜ್ಜಿ ಇಷ್ಟು ಹೇಳುವಷ್ಟರಲ್ಲಿ ಅಣ್ಣ ಬಾಯಿ ಹಾಕುತ್ತಿದ್ದ. "ದಾರ ಎಷ್ಟು ದಪ್ಪ ಇತ್ತಜ್ಜಿ?"

"ನಿನ್ನ ತಲೆಯಷ್ಟು ದಪ್ಪ ಇತ್ತು. ಸುಮ್ನೆ ಕೇಳು."

ಆ ಕಥೆ ನೆನೆಯುತ್ತ ನಾನು ಅಣ್ಣನ ಕಾರಿನ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ ಮಲಗಿದ್ದೆ. ಕೈಯಲ್ಲಿ ಕಟ್ಟಿಂಗ್ ಪ್ಲೇಯರ್, ಬಾಯಲ್ಲಿ ಟಾರ್ಚು. ಮಧ್ಯಾಹ್ನದ ಬಿಸಿಲು ಷೆಡ್ಡಿನ ತಗಡಿನ ತೂತುಗಳಿಂದ ಇಳಿದು ನೆಲದ ಮೇಲೆ ಚುಕ್ಕಿ ಇಟ್ಟಿತ್ತು.

ಅಣ್ಣ ಕಾಣೆಯಾಗಿ ಇದು ಮೂರನೇ ವಾರ. ನಾಳೆ ಬೆಳಗ್ಗೆ ಇನ್ಸ್‌ಪೆಕ್ಟರು ಫೈಲು ಮುಚ್ಚುತ್ತಾರೆ.

ಅವರ ಲೆಕ್ಕ ಸರಳ. ಅಣ್ಣ ಆ ಭಾನುವಾರ ಕಾರಿನ ಬ್ಯಾಟರಿಯನ್ನು ಮುಂದಿನಿಂದ ತೆಗೆದು ಡಿಕ್ಕಿಗೆ ಸಾಗಿಸುತ್ತೇನೆಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದ. ಭಾನುವಾರ ಎದುರುಮನೆಯ ಮೇಷ್ಟ್ರು ಕಾರಿನ ಕೆಳಗಿನಿಂದ ಎರಡು ಕಾಲು ಚಾಚಿದ್ದು ನೋಡಿದರು, "ಏನಪ್ಪಾ, ಸಾಗ್ತಾ ಇದೆಯಾ?" ಅಂದರು, ಒಂದು ಕಾಲು ಅಲ್ಲಾಡಿತು. ಸಂಜೆ ಹೊತ್ತಿಗೆ ಬ್ಯಾಟರಿ ಡಿಕ್ಕಿಯಲ್ಲಿತ್ತು. ಆಮೇಲೆ ಅಣ್ಣ ಇರಲಿಲ್ಲ. ಅಂದರೆ ಭಾನುವಾರ ಸಂಜೆಯವರೆಗೆ ಮನೆಯಲ್ಲಿ ನೆಮ್ಮದಿಯಾಗಿ ಸ್ಪ್ಯಾನರು ತಿರುಗಿಸುತ್ತಿದ್ದವನು ತನ್ನ ಪಾಡಿಗೆ ತಾನು ಎದ್ದು ಹೋಗಿದ್ದಾನೆ.

"ಸ್ವಂತ ಇಷ್ಟದಿಂದ ಹೋದ ಗಂಡಸನ್ನ ನಾವು ಎಲ್ಲಿ ಅಂತ ಹುಡುಕೋಣಮ್ಮಾ?" ಅಂದಿದ್ದರು ಇನ್ಸ್‌ಪೆಕ್ಟರು, ಕೆಟ್ಟ ಮನುಷ್ಯರೇನಲ್ಲ. "ಭಾನುವಾರ ಆತ ಇಲ್ಲಿರಲಿಲ್ಲ ಅಂತ ಒಂದು ಸಣ್ಣ ಗುರುತು ತಂದುಕೊಡು. ಆ ಹಿಂದಿನ ಶನಿವಾರದಿಂದಲೇ ಜಾಡು ಹಿಡಿದು ಹುಡುಕ್ತೀನಿ. ನಾಯಿ ಬಿಡ್ತೀನಿ, ಕೆರೆಗೆ ಬಲೆ ಹಾಕಿಸ್ತೀನಿ."

ಕೆರೆ ಅಂದಾಗಲೂ ನನಗೆ ಏನೂ ಆಗಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ನಮ್ಮದೇ ಹೌದು, ಆದರೆ ಮುಟ್ಟಿದರೆ ಪಕ್ಕದವರದ್ದು ಅನ್ನಿಸುತ್ತದೆ. ಮೂರು ವಾರದಿಂದ ನನ್ನ ಇಡೀ ಮೈ ಹಾಗಿತ್ತು. ಅಳು ಬಂದಿರಲಿಲ್ಲ. ಬರಲಿ ಅಂತ ಒಂದು ದಿನ ಕನ್ನಡಿ ಮುಂದೆ ಕೂತೂ ನೋಡಿದೆ. ಕಣ್ಣಿನ ಕೆಳಗೆ ಗ್ರೀಸು ಕಂಡಿತು, ಒರೆಸಿಕೊಂಡು ಎದ್ದೆ.

ಸುಟ್ಟ ಗೋದಾಮು, ಗುದ್ದಿದ ಲಾರಿ, ನೀರು ನುಗ್ಗಿದ ಅಂಗಡಿ ನೋಡಿ, ಹೇಗಾಯಿತು ಅಂತ ವಿಮಾ ಕಂಪನಿಗೆ ಹೇಳುವುದು ನನ್ನ ಕೆಲಸ. ಬೂದಿ ಕೆದಕಿ ಕೆದಕಿ ನನಗೆ 'ಬೂದಿ ಮೇಡಂ' ಅಂತಲೇ ಹೆಸರು ಬಿದ್ದಿದೆ. ಬೂದಿ ಸುಳ್ಳು ಹೇಳುವುದಿಲ್ಲ. ಆದರೆ ಈ ಕಾರಿನಲ್ಲಿ ಏನೂ ಸುಟ್ಟಿರಲಿಲ್ಲ. ಎಲ್ಲವೂ ಅಚ್ಚುಕಟ್ಟಾಗಿತ್ತು.

ಅಚ್ಚುಕಟ್ಟೇ ನನ್ನನ್ನು ಕಾಡುತ್ತಿದ್ದದ್ದು.

"ಟೀ ಇಟ್ಟಿದೀನಿ ಕಣೇ," ಅಂದರು ಅತ್ತಿಗೆ, ಅಡುಗೆಮನೆಯಿಂದ ಷೆಡ್ಡಿಗೆ ತೆರೆಯುವ ಬಾಗಿಲಲ್ಲಿ ನಿಂತು. "ಇನ್ನೂ ಎಷ್ಟು ಹೊತ್ತು?"

"ಹಳೇದನ್ನ ಬಿಚ್ಚಬೇಕಲ್ಲ ಅತ್ತಿಗೆ. ಆಮೇಲೆ ಹೊಸದು."

"ಇವತ್ತೇ ಆಗುತ್ತಲ್ವಾ?"

"ಮಾತು ಕೊಟ್ಟಿದೀನಲ್ಲ."

ಕೊಟ್ಟಿದ್ದೆ. ಪೊಲೀಸರು ನೋಡಿ ಹೋದ ದಿನವೇ ಅತ್ತಿಗೆ ನನ್ನ ಕೈ ಹಿಡಿದು ಕೇಳಿದ್ದರು. ಗಾಡಿ ಷೆಡ್ಡಿನಲ್ಲಿ ಹೀಗೆ ಬಿದ್ದಿರೋದು ಬೇಡ. ಕೀ ತಿರುಗಿಸಿದರೆ ಹೊರಡಬೇಕು. ಅಷ್ಟು ಮಾಡಿಕೊಡು, ಬೇರೆ ಏನೂ ಕೇಳಲ್ಲ. ನಾಳೆ ನಾಳೆ ಅಂತ ನಾನೇ ತಳ್ಳುತ್ತ ಬಂದಿದ್ದೆ. ಅಣ್ಣನ ಕೈ ಆಡಿದ ಜಾಗದಲ್ಲಿ ಕೈ ಇಡುವುದು ಬೇಡವಾಗಿತ್ತು.

ಅತ್ತಿಗೆ ಹತ್ತಿರ ಬಂದು, ಕೇಳದೆಯೇ ನನ್ನ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಮೂಗಿನ ಮೇಲಿಟ್ಟರು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಅವರದು. ಯಾರ ಮೂಗಿನ ಮೇಲೆ ಮಸಕು ಕಂಡರೂ ತಡೆಯಲಾರರು. ಅಣ್ಣ ರೇಗಿಸುತ್ತಿದ್ದ, ಇವಳಿಗೆ ಗಂಡ ಬೇಕಾಗಿರಲಿಲ್ಲ, ಒರೆಸೋಕೆ ಒಂದು ಮುಖ ಬೇಕಾಗಿತ್ತು ಅಂತ.

"ಟೀ ಆರುತ್ತೆ," ಅಂದು ಒಳಗೆ ಹೋದರು. ಅವರೂ ಅತ್ತಿರಲಿಲ್ಲ.

*

ಡಿಕ್ಕಿಯ ಮೂಲೆಯಲ್ಲಿ ಬ್ಯಾಟರಿ ಗಟ್ಟಿಯಾಗಿ ಕೂತಿತ್ತು, ಮೇಲೊಂದು ಪಟ್ಟಿ ಬಿಗಿದಿತ್ತು. ಅಲ್ಲಿಂದ ಕೆಂಪು ಕೇಬಲ್ಲು ಹೊರಟು, ಹಿಂದಿನ ಸೀಟಿನ ಕೆಳಗೆ ನುಸುಳಿ, ಡ್ರೈವರಿನ ಪಕ್ಕದ ಸೀಟಿನ ಬದಿಯ ಕಾರ್ಪೆಟ್ಟಿನಡಿ ಓಡಿ, ಇಂಜಿನ್ ಕಡೆಯ ತಗಡಿನ ಗೋಡೆ ದಾಟಿ ಮುಂದೆ ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರಿಗೆ ಸೇರಿತ್ತು. ಗೇಣು ಗೇಣಿಗೂ ಒಂದೊಂದು ಕಪ್ಪು ಪ್ಲಾಸ್ಟಿಕ್ ಟೈ. ಟೈಗಳ ಬಾಲವನ್ನು ಬೆರಳಿಗೆ ಚುಚ್ಚದ ಹಾಗೆ ನುಣ್ಣಗೆ ಕತ್ತರಿಸಿತ್ತು.

ಮೊದಲ ಟೈ ಕತ್ತರಿಸಿ ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡಿದೆ.

ಅಣ್ಣ ಟೆಲಿಫೋನ್ ಎಕ್ಸ್‌ಚೇಂಜಿನವನು. ಆ ಹಳೇ ಕಟ್ಟಡದಲ್ಲಿ ಸಾವಿರಾರು ತಂತಿಗಳನ್ನು ಮೇಣ ಸವರಿದ ದಾರದಿಂದ ಕಟ್ಟುತ್ತಾರೆ, ಪ್ರತಿ ಕಟ್ಟಿಗೂ ಒಂದೇ ಬಗೆಯ ಗಂಟು. ಕೆಲಸಕ್ಕೆ ಸೇರಿದ ವರ್ಷ ಅಣ್ಣನ ಬೆರಳುಗಳೆಲ್ಲ ಕುಯ್ದಿದ್ದವು. ಆಮೇಲೆ ಅದೇ ಹುಚ್ಚಾಯಿತು. ಮನೆಯ ಟೀವಿ ತಂತಿ, ಅತ್ತಿಗೆಯ ಬಟ್ಟೆ ಒಣಹಾಕುವ ಹಗ್ಗ, ಒಮ್ಮೆ ನನ್ನ ಚಪ್ಪಲಿಯ ಉಂಗುಷ್ಟ, ಎಲ್ಲಕ್ಕೂ ಅದೇ ಮೇಣದ ದಾರ, ಅದೇ ಗಂಟು. ಪ್ಲಾಸ್ಟಿಕ್ ಟೈ ಕಂಡರೆ ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ. ಬಿಸಿಲಿಗೆ ಪುಡಿಯಾಗುತ್ತೆ, ಇದು ಕಟ್ಟೋದಲ್ಲ, ಕಟ್ಟಿದ ಹಾಗೆ ನಟಿಸೋದು ಅನ್ನುತ್ತಿದ್ದ.

ಮನುಷ್ಯ ಮನೆ ಬಿಟ್ಟು ಹೋಗಬಹುದು. ಹೋಗುವ ದಿನ ಗಂಟು ಮರೆಯುತ್ತಾನೆಯೇ?

ಇನ್ನೊಂದಿತ್ತು. ಷೆಡ್ಡಿನ ಗೋಡೆಗೆ ಸುರುಳಿ ಸುತ್ತಿಕೊಂಡು ಕೂತಿದ್ದ ಹೆಬ್ಬೆರಳು ಗಾತ್ರದ ಕಪ್ಪು ಕೇಬಲ್ಲು. ಇವತ್ತು ಬೆಳಗ್ಗೆ ನಾನೇ ನನ್ನ ಮನೆಯಿಂದ ಹೊತ್ತು ತಂದದ್ದು. ವೆಲ್ಡಿಂಗಿನವರ ಕೇಬಲ್ಲು. ಅಣ್ಣ ಅದನ್ನು ಅಳೆದು ಕತ್ತರಿಸಿ, ಎರಡೂ ತುದಿಗೆ ಬೋಲ್ಟಿಗೆ ಸಿಕ್ಕಿಸುವ ತಾಮ್ರದ ಲಗ್ ಒತ್ತಿಸಿ, ಆ ಶುಕ್ರವಾರ ನನ್ನ ಮಂಚದಡಿ ಇಟ್ಟು ಹೋಗಿದ್ದ. "ಮನೇಲಿ ನೋಡಿದ್ರೆ ನಿಮ್ಮತ್ತಿಗೆ ಇನ್ನೊಂದು ಸಾಮಾನು ತಂದ್ರಾ ಅಂತ ಶುರು ಮಾಡ್ತಾಳೆ. ಭಾನುವಾರ ಬೆಳಗ್ಗೆ ಬಂದು ತಗೊಂಡು ಹೋಗ್ತೀನಿ" ಅಂದಿದ್ದ.

ಭಾನುವಾರ ಬರಲಿಲ್ಲ. ಬೇರೆ ಕೇಬಲ್ಲು ಸಿಕ್ಕಿರಬೇಕು ಅಂತ ಅಂದುಕೊಂಡು ಮೂರು ವಾರ ಅದರ ಮೇಲೆಯೇ ಮಲಗಿದೆ. ಮನೆಯವರ ವಿಷಯದಲ್ಲಿ ಕಣ್ಣು ಬೇರೆ ಥರ ಕೆಲಸ ಮಾಡುತ್ತದೆ. ಮಾಡುವುದೇ ಇಲ್ಲ ಅಂದರೂ ಆದೀತು.

ಕಾರಿನಲ್ಲಿದ್ದ ಕೆಂಪು ಕೇಬಲ್ಲು ಕಿರುಬೆರಳಿನಷ್ಟು ಸಣ್ಣದು. ಅದನ್ನು ಬೆರಳಲ್ಲಿ ಮಡಿಸಿ ನೋಡಿದೆ, ಹೊರಗಿನ ರಬ್ಬರೇ ದಪ್ಪ, ಒಳಗೆ ತಾಮ್ರ ನೆಪಕ್ಕೆ. ಇಂಥ ಕೇಬಲ್ಲು ಕಾರಿನಲ್ಲಿ ಒಂದೇ ಕೆಲಸಕ್ಕೆ ಬರುವುದು. ಅದನ್ನು ದಿನವೂ ಎಳೆಯುವ ಒಬ್ಬನೇ ಒಬ್ಬ ನಮ್ಮ ಮನೆಗೆ ಬರುತ್ತಿದ್ದದ್ದು.

ಫೋನು ತೆಗೆದು ಗಡ್ಡಣ್ಣನಿಗೆ ಹೇಳಿದೆ. "ಬ್ಯಾಟರಿ ಕೂರಿಸ್ತಾ ಇದೀನಿ. ಒಂದು ಕೈ ಬೇಕು, ಬಾ."

*

ಗಡ್ಡಣ್ಣ ಅಣ್ಣನ ಶಾಲೆಯ ಕಾಲದ ಗೆಳೆಯ. ಕಾರಿಗೆ ಸ್ಪೀಕರು, ಆಂಪ್ಲಿಫೈಯರು, ಹಿಂದಿನ ಕ್ಯಾಮರಾ ಹಾಕುವ ಅಂಗಡಿ ಇಟ್ಟಿದ್ದಾನೆ. ಬಾಗಿಲಿಗೆ ಬಂದರೆ ಬಾಗಿಲು ತುಂಬುವ ಆಳು. ಗಡ್ಡ ಹದಿನೆಂಟಕ್ಕೇ ಬಂದದ್ದು, ಹೆಸರು ಅವತ್ತಿಗೇ ಹೋಯಿತು.

"ಏನಮ್ಮಾ ಬೂದಿ ಮೇಡಂ, ಬೂದಿ ಬಿಟ್ಟು ಗ್ರೀಸಿಗೆ ಇಳಿದ್ಯಾ?" ಅಂತ ನಗುತ್ತ ಬಂದ. ನಗು ಕಣ್ಣಿನವರೆಗೆ ಬರಲಿಲ್ಲ. "ಮೈನಸ್ ಮೊದಲು ಬಿಚ್ಚಿದ್ಯಾ? ಪ್ಲಸ್ ಬಿಚ್ಚೋಕೆ ಹೋಗಿ ಸ್ಪ್ಯಾನರು ಬಾಡಿಗೆ ತಾಗಿದ್ರೆ ದೀಪಾವಳಿ ನೋಡ್ತೀಯ."

"ಬಿಚ್ಚಿದೀನಿ. ಕೂತ್ಕೊ."

"ಕೂರೋಕೆ ಕರೆದ್ಯಾ, ಕೈ ಕೊಡೋಕೆ ಕರೆದ್ಯಾ?"

"ಮೊದಲು ಕೂತ್ಕೊ."

ಹಳೇ ಟಯರಿನ ಮೇಲೆ ಕೂತ. ಅವನ ಕಾಲಿನ ಮುಂದೆ ನಾನು ಕತ್ತರಿಸಿದ ಟೈಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. ಸಣ್ಣಗೆ ಸದ್ದಾಗುತ್ತಿತ್ತು. ಅವನು ನೋಡುತ್ತಿದ್ದ.

"ಅಣ್ಣ ಪ್ಲಾಸ್ಟಿಕ್ ಟೈ ಯಾವತ್ತಾದ್ರೂ ಹಾಕಿದ್ನಾ ಗಡ್ಡಣ್ಣ?"

"ಅರ್ಜೆಂಟಲ್ಲಿ ಹಾಕಿರ್ತಾನೆ ಬಿಡು."

"ಅರ್ಜೆಂಟಲ್ಲಿ ಯಾರೂ ಬಾಲ ಇಷ್ಟು ನುಣ್ಣಗೆ ಕತ್ತರಿಸಲ್ಲ. ಗಿರಾಕಿ ಕೈಗೆ ಚುಚ್ಚಬಾರದು ಅಂತ ಅಂಗಡಿಯವರು ಕತ್ತರಿಸೋದು."

"ಊರಲ್ಲಿ ನಾನೊಬ್ಬನೇನಾ ಅಂಗಡಿ ಇಟ್ಟಿರೋದು?"

"ನಿನ್ನ ಹೆಸರು ನಾನೆಲ್ಲಿ ಹೇಳಿದೆ?"

ಗಡ್ಡ ಕೆರೆದುಕೊಂಡ. ಕಳ್ಳನ ಮನಸ್ಸು ಹುಳ್ಳಗೆ ಅಂತ ಅಜ್ಜಿ ಅನ್ನುತ್ತಿದ್ದಳು. ಆದರೆ ಈ ಮುಖ ಕಳ್ಳನ ಮುಖದ ಹಾಗಿರಲಿಲ್ಲ. ನಿದ್ದೆ ಕೆಟ್ಟವನ ಮುಖದ ಹಾಗಿತ್ತು.

ಕೆಂಪು ಕೇಬಲ್ಲಿನ ಬಿಚ್ಚಿದ ತುದಿಯನ್ನು ಎಳೆದು ಅವನ ಮಡಿಲಿಗೆ ಹಾಕಿದೆ. "ಇದು ಯಾವುದಕ್ಕೆ ಹಾಕೋದು?"

"ಆಂಪ್ಲಿಫೈಯರಿಗೆ."

"ಸೆಲ್ಫ್ ಮೋಟಾರಿಗೆ?"

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ." ಬಾಯಿಂದ ತಾನಾಗೇ ಬಂದುಬಿಟ್ಟಿತು. ಆಮೇಲೆ ನೆಲ ನೋಡಿದ.

"ಹಾಕಿದವನಿಗೆ ಅದು ಗೊತ್ತಿರಲಿಲ್ವಾ?"

"ಗೊತ್ತಿತ್ತು. ಭಾನುವಾರ ಯಾವ ಅಂಗಡಿ ತೆಗೆದಿರುತ್ತೆ? ಕೈಗೆ ಸಿಕ್ಕಿದ್ದು ಹಾಕಿದೆ." ಕೇಬಲ್ಲನ್ನು ಪಕ್ಕಕ್ಕಿಟ್ಟ. "ಹಾಕಿದೆ ಕಣಮ್ಮಾ. ನಾನೇ ಹಾಕಿದೆ. ಸಾಕಾ?"

ಷೆಡ್ಡಿನ ಹೊರಗೆ ಯಾರದೋ ಸೈಕಲ್ಲು ಹೋಯಿತು. ಇಂಥ ಮಾತಿಗಾಗಿ ಮೂರು ವಾರ ಊರೆಲ್ಲ ಅಲೆದಿದ್ದೆ. ಸಿಕ್ಕಿದಾಗ, ಕಳೆದ ಛತ್ರಿ ಬಾಗಿಲ ಹಿಂದೆಯೇ ಸಿಕ್ಕಿದ ಹಾಗಿತ್ತು, ಅಷ್ಟೇ.

"ಮೇಷ್ಟ್ರು ನೋಡಿದ ಕಾಲು?"

"ನಂದೇ. ನಿನ್ನಣ್ಣನ ಕೆಲಸದ ಪ್ಯಾಂಟು ಹಾಕ್ಕೊಂಡಿದ್ದೆ, ಆ ಮೊಳೇಲಿ ನೇತಾಡ್ತಿತ್ತಲ್ಲ, ಅದು. ಸೊಂಟಕ್ಕೆ ಬರಲಿಲ್ಲ, ದಾರ ಕಟ್ಕೊಂಡೆ. ಮೇಷ್ಟ್ರು ಮಾತಾಡಿಸಿದಾಗ ಉಸಿರು ನಿಂತುಹೋಯ್ತು. ಬಾಯಿ ಬಿಟ್ಟರೆ ಧ್ವನಿ ಗೊತ್ತಾಗುತ್ತೆ. ಕಾಲು ಆಡಿಸಿದೆ."

"ಅಣ್ಣ ಇಲ್ಲಿದಾನೆ ಅಂತ ಬೀದಿ ನಂಬಲಿ ಅಂತ."

"ಹೂಂ."

"ಅಂದ್ರೆ ಅಣ್ಣ ಇರಲಿಲ್ಲ."

"ನಾನು ಬಂದಾಗ ಇರಲಿಲ್ಲ."

"ಎಲ್ಲಿದ್ದ?"

"ನನಗೆ ಗೊತ್ತಿದ್ರೆ ನಿನ್ನ ಮುಂದೆ ಹೀಗೆ ಟಯರಿನ ಮೇಲೆ ಕೂತಿರ್ತಿದ್ನಾ? ಕೇಳಿದೆ. ಕೇಳಬೇಡ ಅಂದ್ರು. ಕೇಳಲಿಲ್ಲ."

"ಯಾರು ಅಂದ್ರು?"

ಗಡ್ಡಣ್ಣ ಕೇಬಲ್ಲನ್ನು ಕಾಲಿನಿಂದ ಇನ್ನಷ್ಟು ದೂರ ಸರಿಸಿದ.

"ಯಾರು ಗಡ್ಡಣ್ಣ?"

"ಮಾತು ಕೊಟ್ಟಿದೀನಿ."

"ಯಾರಿಗೆ ಕೊಟ್ಟೆ ಅಂತಾದ್ರೂ ಹೇಳು."

"ಅದೂ ಆ ಮಾತಲ್ಲೇ ಸೇರಿದೆ."

"ಅಣ್ಣನಿಗಾ? ಅಣ್ಣನೇ ಫೋನ್ ಮಾಡಿದ್ನಾ? ನೀನು ಹೂಂ ಅನ್ನೋದು ಬೇಡ, ತಲೆ ಆಡಿಸು."

ತಲೆ ಆಡಿಸಲಿಲ್ಲ. ಅಲ್ಲಾಡಿಸದೆ ನನ್ನನ್ನೇ ನೋಡಿದ. ಆ ಹೊತ್ತಿಗೆ ನನಗೆ ಆಸೆ ಹುಟ್ಟಬೇಕಿತ್ತೋ ಹೆದರಿಕೆ ಹುಟ್ಟಬೇಕಿತ್ತೋ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಟೀ ಎತ್ತಿ ಕುಡಿದೆ. ಕೆನೆ ಕಟ್ಟಿತ್ತು.

"ಬಂದಾಗ ಗಾಡಿ ಹೇಗಿತ್ತು?" ಅಂತ ಕೇಳಿದೆ. ಆಫೀಸಿನ ಪ್ರಶ್ನೆ. ಅದೊಂದೇ ಗೊತ್ತಿದ್ದದ್ದು.

"ಇಲ್ಲೇ ನಿಂತಿತ್ತು. ಬಾನೆಟ್ ಎತ್ತೋಕೆ ಕೈ ಇಟ್ಟೆ, ಬೆಚ್ಚಗಿತ್ತು. ಬೆಳಗಿನ ಚಳೀಲಿ ಬೆಚ್ಚಗಿತ್ತು ಅಂದ್ರೆ ಅದಕ್ಕೆ ಸ್ವಲ್ಪ ಮುಂಚೆ ತಾನೇ ಬಂದು ನಿಂತಿರಬೇಕು. ಟಯರಿಗೆ ಕೆಂಪು ಮಣ್ಣು. ನಾನೇ ತೊಳೆದೆ."

"ಅದನ್ನೂ ತೊಳೆದ್ಯಾ."

"ತೊಳಿ ಅಂದ್ರು."

"ಒಳಗೆ?"

"ಒಳಗೆ ಹಿಂದಿನ ಸೀಟು ಬಿಚ್ಚಿದೆ, ಆ ಕಡೆ ಕಾರ್ಪೆಟ್ಟು ಎತ್ತಿದೆ. ಬೇರೆ ಏನೂ ಮುಟ್ಟಲಿಲ್ಲ. ಮುಗಿದ ಮೇಲೆ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದೆ. ಟಕ್ ಅಂತು, ಅಷ್ಟೇ. ಸೆಲ್ಫು ತಿರುಗಲಿಲ್ಲ. ದಪ್ಪ ಕೇಬಲ್ಲು ತಂದು ಸೋಮವಾರ ಸರಿ ಮಾಡ್ತೀನಿ ಅಂದೆ. ಅಷ್ಟರಲ್ಲಿ ಪೊಲೀಸರು ಬಂದ್ರು. ಆಮೇಲೆ ಈ ಷೆಡ್ಡಿನ ಕಡೆ ತಲೆ ಹಾಕೋಕೆ ಧೈರ್ಯ ಆಗಲಿಲ್ಲ."

"ನಾಳೆ ಇನ್ಸ್‌ಪೆಕ್ಟರ ಮುಂದೆ ಇಷ್ಟು ಹೇಳ್ತೀಯಾ?"

"ಹೇಳಿದ್ರೆ ಮೊದಲು ನನ್ನನ್ನೇ ಒಳಗೆ ಹಾಕ್ತಾರೆ."

"ಹಾಕ್ತಾರೆ."

"ನೀನಾದ್ರೂ ಇಲ್ಲ ಅನ್ನಬಾರದಾ?"

"ಹೇಳದಿದ್ರೆ ನಾಳೆ ಫೈಲು ಮುಚ್ಚುತ್ತೆ. ಆಮೇಲೆ ಅಣ್ಣನನ್ನ ಹುಡುಕೋರು ನಾನೊಬ್ಬಳೇ. ಬೀದಿ ಬೀದೀಲಿ ಫೋಟೋ ಹಿಡ್ಕೊಂಡು."

ಗಡ್ಡಣ್ಣ ಟಯರಿನಿಂದ ಎದ್ದ. ಬಗ್ಗಿ ನೆಲದ ಟೈಗಳನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಂಡ, ಆಮೇಲೆ ಏನನ್ನಿಸಿತೋ, ಮತ್ತೆ ತೆಗೆದು ಡಿಕ್ಕಿಯ ಅಂಚಿನ ಮೇಲೆ ಸಾಲಾಗಿ ಇಟ್ಟ. ಗುರುತು ಬೇಕು ಅಂದಿದ್ದರಲ್ಲ, ಇಟ್ಟುಕೋ ಅನ್ನುವ ಹಾಗೆ.

"ನಾಳೆ ಒಂಬತ್ತಕ್ಕೆ ಠಾಣೆ ಹತ್ತಿರ ಇರ್ತೀನಿ," ಅಂದ. "ನಾನು ಮಾಡಿದ್ದು ಹೇಳ್ತೀನಿ. ಮಾಡಿಸಿದವರ ಹೆಸರು ಹೇಳಲ್ಲ. ಹೊಡೆದರೂ ಹೇಳಲ್ಲ."

"ಅಷ್ಟು ದೊಡ್ಡವರಾ ಅವರು?"

"ದೊಡ್ಡವರಲ್ಲ." ಬಾಗಿಲಲ್ಲಿ ತಿರುಗಿದ. "ಅವತ್ತು ಅವರ ಕೈ ನೋಡಿದ್ರೆ ನೀನೂ ಮಾತು ಕೊಡ್ತಿದ್ದೆ."

ಹೋದ. ಅಂದರೆ ಭಾನುವಾರ ಅನ್ನುವ ಗೋಡೆ ಬಿತ್ತು. ನಾಳೆ ಫೈಲು ಮುಚ್ಚುವುದಿಲ್ಲ. ಶನಿವಾರದಿಂದ ಹುಡುಕುತ್ತಾರೆ. ನಾನು ಗೆದ್ದಿದ್ದೆ. ಗೆದ್ದವರು ಏನು ಮಾಡುತ್ತಾರೋ ನೆನಪಾಗಲಿಲ್ಲ, ಪ್ಲೇಯರ್ ಎತ್ತಿಕೊಂಡು ಉಳಿದ ಟೈಗಳನ್ನು ಕತ್ತರಿಸಿದೆ.

*

ಕೆಂಪು ಕೇಬಲ್ಲು ಸತ್ತ ಹಾವಿನ ಹಾಗೆ ಸಲೀಸಾಗಿ ಹೊರಬಂತು. ಕಪ್ಪು ಕೇಬಲ್ಲು ಹಟಮಾರಿ. ಬಾಗು ಅಂದರೆ ಬಾಗದು, ಅಣ್ಣನದೇ ಜಾತಿ. ಬಿಸಿನೀರಿನ ಬಟ್ಟೆ ಸುತ್ತಿ, ಪುಸಲಾಯಿಸಿ, ತಗಡಿನ ತೂತಿಗೆ ರಬ್ಬರ್ ಬುಷ್ ಕೂರಿಸಿ, ಅದರ ಮೂಲಕ ಇಂಜಿನ್ ಕಡೆಗೆ ದೂಡಿದೆ. ಬುಷ್ ಇಲ್ಲದಿದ್ದರೆ ತಗಡಿನ ಅಂಚು ದಿನಾ ಒಂದಿಷ್ಟು ಕೇಬಲ್ಲನ್ನು ಕಚ್ಚುತ್ತಿರುತ್ತದೆ; ಒಂದು ದಿನ ಒಳಗಿನ ತಾಮ್ರ ಸಿಕ್ಕರೆ ಕಾರು ಕಾರಾಗಿ ಉಳಿಯುವುದಿಲ್ಲ, ನನ್ನ ಆಫೀಸಿನ ಬೂದಿಯಾಗುತ್ತದೆ.

ಅತ್ತಿಗೆ ಬಂದು ಟಾರ್ಚು ಹಿಡಿದರು. ನಾನು ಕೇಳಿರಲಿಲ್ಲ.

"ಗಡ್ಡ ಬಂದಿದ್ನಾ?"

"ಹೂಂ."

"ಏನಂದ?"

"ತಾನೇ ಮಾಡಿದ್ದು ಅಂದ. ನಾಳೆ ಇನ್ಸ್‌ಪೆಕ್ಟರಿಗೆ ಹೇಳ್ತಾನಂತೆ."

ಟಾರ್ಚಿನ ಬೆಳಕು ಅಲ್ಲಾಡಲಿಲ್ಲ. "ಪಾಪ, ಒಳ್ಳೇ ಹುಡುಗ," ಅಂದರು ಅತ್ತಿಗೆ. "ಮಧ್ಯಾಹ್ನ ಏನೂ ತಿಂದಿಲ್ಲ ನೀನು."

"ಹಸಿವಿಲ್ಲ."

"ನನಗೂ."

ಕಾರ್ಪೆಟ್ಟಿನಡಿ ಕೇಬಲ್ಲು ಮಲಗಿಸಿ ಮೇಣದ ದಾರದಿಂದ ಕಟ್ಟಿದೆ. ಗಂಟು ಮೊದಲಿಗೆ ಬರಲಿಲ್ಲ. ಒಂದು ಸುತ್ತು, ದಾರದ ಕೆಳಗಿನಿಂದ ತೂರಿಸಿ, ಎಳೆದು, ಮತ್ತೊಂದು ಸುತ್ತು. ತಲೆ ಮರೆತಿತ್ತು, ಬೆರಳು ಮರೆತಿರಲಿಲ್ಲ. ಎಳೆದಾಗ ದಾರ ಬೆರಳು ಕುಯ್ದು ರಕ್ತದ ಸಣ್ಣ ಗೆರೆ ಮೂಡಿತು. ನೋಡಿದೆ. ನೋವು ಎಲ್ಲೋ ಪಕ್ಕದ ಬೀದಿಯಲ್ಲಿತ್ತು.

"ಅವರ ಹಾಗೇ ಕಟ್ತೀಯ," ಅಂದರು ಅತ್ತಿಗೆ.

"ಅವನೇ ಕಲಿಸಿದ್ದು."

ಡಿಕ್ಕಿಗೆ ಬಂದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೂರಿಸಿದೆ. ಕೇಬಲ್ಲಿನ ದಾರಿಯಲ್ಲಿ ಏನಾದರೂ ಆದರೆ ಕರೆಂಟಿನ ಬಾಗಿಲು ಮೂಲದಲ್ಲೇ ಮುಚ್ಚಬೇಕು. ಬ್ಯಾಟರಿಯ ಉಸಿರು ಕಾರಿನೊಳಗೆ ತುಂಬದಂತೆ ಸಣ್ಣ ಪೈಪೊಂದನ್ನು ನೆಲದ ತೂತಿನಿಂದ ಹೊರಗೆ ಬಿಟ್ಟೆ. ಅರ್ತ್ ಕೂರಿಸುವ ಜಾಗದಲ್ಲಿ ಬಣ್ಣ ಕೆರೆದು ತಗಡು ಹೊಳೆಯುವ ಹಾಗೆ ಮಾಡಿದೆ. ಅಣ್ಣ ಈ ಜಾಗಕ್ಕೆ ಬಂದಾಗ ಯಾವಾಗಲೂ ಗೊಣಗುತ್ತಿದ್ದ, ಜನ ಪ್ಲಸ್ಸಿಗೆ ಪ್ರಾಣ ಬಿಡ್ತಾರೆ, ಮೈನಸ್ಸನ್ನ ಬಣ್ಣದ ಮೇಲೇ ತಿರುಪಿ ಹಾಕಿ ಹೋಗ್ತಾರೆ ಅಂತ. ಇಂಜಿನ್ನಿನ ಪಕ್ಕದಲ್ಲಿ ಕೂತು ಕೂತು ವರ್ಷಕ್ಕೊಂದು ಬ್ಯಾಟರಿ ಬೆಂದುಹೋಗುತ್ತಿತ್ತು, ಅದಕ್ಕೇ ಈ ಸಾಹಸ. ಕಪ್ಪು ಕೇಬಲ್ಲಿನ ಜೊತೆ ಅವನು ಕಟ್ಟಿಟ್ಟಿದ್ದ ಸಾಮಾನೆಲ್ಲ ಸರಿಯಾಗಿತ್ತು. ಎಲ್ಲವನ್ನೂ ಯೋಚಿಸಿ ಇಟ್ಟುಕೊಂಡಿದ್ದ. ಹೊರಟು ಹೋಗುವ ಆಸಾಮಿ ಅರ್ತ್ ಬೋಲ್ಟಿಗೆ ತುಕ್ಕು ಹಿಡಿಯದ ವಾಷರ್ ಹುಡುಕಿ ತರುವುದಿಲ್ಲ.

ಪ್ಲಸ್ ಬಿಗಿದೆ. ಕೊನೆಗೆ ಮೈನಸ್. ಒಂದು ಸಣ್ಣ ಕಿಡಿ ಹಾರಿತು, ಡಿಕ್ಕಿಯ ದೀಪ ಹತ್ತಿತು.

"ಆಯ್ತಾ?" ಅಂದರು ಅತ್ತಿಗೆ.

"ಸ್ಟಾರ್ಟ್ ಆದ ಮೇಲೆ ಆಯ್ತು."

ಕೈ ಒರೆಸಿಕೊಂಡು ಸುತ್ತಿ ಬಂದೆ, ಡ್ರೈವರಿನ ಬಾಗಿಲು ತೆಗೆದು ಕೂತೆ. ಈ ಮೂರು ವಾರದಲ್ಲಿ ಈ ಸೀಟಿನಲ್ಲಿ ನಾನು ಕೂತಿದ್ದು ಇದೇ ಮೊದಲು. ಅಣ್ಣನ ವಾಸನೆ ಇರಬಹುದು ಅಂದುಕೊಂಡಿದ್ದೆ. ರಬ್ಬರಿನ ವಾಸನೆ ಇತ್ತು. ಕ್ಲಚ್ ಒತ್ತಿ ಕೀ ತಿರುಗಿಸಿದೆ.

ಒಂದೇ ಸಲಕ್ಕೆ ಹಿಡಿಯಿತು. ಕೆಮ್ಮಲಿಲ್ಲ, ಗೊಣಗಲಿಲ್ಲ. ಹಿಂದಿನ ಮೂಲೆಯಿಂದ ಹೊರಟ ಪ್ರಾಣ ಅಷ್ಟುದ್ದ ಓಡಿ ಬಂದು ಮುಂದೆ ಉಸಿರಾಡತೊಡಗಿತು. ತಗಡಿನ ಷೆಡ್ಡು ಅದುರಿತು. ಗೋಡೆಯ ಮೇಲಿನ ಸ್ಪ್ಯಾನರುಗಳು ಸಣ್ಣಗೆ ಕಿಣಿಗುಟ್ಟಿದವು.

ಖುಷಿ ಬರಲಿ ಅಂತ ಕಾದೆ. ಬಂದದ್ದು ಬೇರೆ.

ನನ್ನ ಎಡಗಾಲು ಕ್ಲಚ್ಚಿನ ಮೇಲೆ ಆರಾಮವಾಗಿ ಕೂತಿತ್ತು.

ಅಣ್ಣ ನನಗಿಂತ ಒಂದು ತಲೆ ಎತ್ತರ. ಅವನ ಕಾರು ಕೇಳಿ ತಂದಾಗಲೆಲ್ಲ ನಾನು ಮೊದಲು ಮಾಡುತ್ತಿದ್ದ ಕೆಲಸ ಈ ಸೀಟಿನ ಜೊತೆ ಕುಸ್ತಿ. ಕೆಳಗಿನ ಕಂಬಿ ತುಕ್ಕು ಹಿಡಿದಿದೆ. ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ, ಜಗ್ಗಿದರೆ ಮಾತ್ರ ಮುಂದೆ ಬರುತ್ತದೆ. ವಾಪಸು ಕೊಟ್ಟ ಗಳಿಗೆಯೇ ಅಣ್ಣ ಬೈಯುತ್ತ ಹಿಂದಕ್ಕೆ ತಳ್ಳುತ್ತಿದ್ದ. ಇವತ್ತು ನಾನು ಜಗ್ಗಿಲ್ಲ. ಗಡ್ಡಣ್ಣ ಕೂತಿಲ್ಲ, ಕಿಟಕಿಯಿಂದ ಕೈ ಹಾಕಿದವನು. ಕೂತಿದ್ದರೂ ಆ ಹೊಟ್ಟೆಗೆ ಸ್ಟೇರಿಂಗ್ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಬಾನೆಟ್ ಬೆಚ್ಚಗಿದ್ದ ಆ ಬೆಳಗ್ಗೆ ಈ ಕಾರನ್ನು ಷೆಡ್ಡಿಗೆ ತಂದು ನಿಲ್ಲಿಸಿದವರು ನನ್ನಷ್ಟೇ ಎತ್ತರ.

ತಲೆ ಎತ್ತಿದೆ. ಅತ್ತಿಗೆ ಕಿಟಕಿಯ ಪಕ್ಕದಲ್ಲಿ ನಿಂತಿದ್ದರು. ಟಾರ್ಚು ಇನ್ನೂ ಹತ್ತಿಯೇ ಇತ್ತು, ಬಿಸಿಲಲ್ಲಿ ಅದರ ಬೆಳಕು ಕಾಣುತ್ತಿರಲಿಲ್ಲ. ಕಾರು ಓಡಿಸಲು ಬರುವುದಿಲ್ಲ, ಸ್ಟೇರಿಂಗ್ ಹಿಡಿದರೆ ಕೈ ನಡುಗುತ್ತದೆ ಅಂತ ಮದುವೆಯಾದಾಗಿನಿಂದ ಹೇಳಿಕೊಂಡು ಬಂದ ಅತ್ತಿಗೆ.

"ಅತ್ತಿಗೆ," ಅಂದೆ. "ಕಾಲು ಎಟುಕ್ತಾ ಇದೆ."

"ಎಟುಕಲೇಬೇಕಲ್ಲ," ಅಂದರು. "ನಮ್ಮಿಬ್ಬರ ಎತ್ತರ ಒಂದೇ."

ಇಂಜಿನ್ ಒಂದೇ ಲಯದಲ್ಲಿ ಓಡುತ್ತಿತ್ತು. ನನ್ನ ಕೈ ಕೀ ಕಡೆ ಹೋಯಿತು.

"ಆರಿಸಬೇಡ," ಅಂದರು ಅತ್ತಿಗೆ. ಟಾರ್ಚನ್ನು ಬೆಂಚಿನ ಮೇಲಿಟ್ಟರು, ಅಡುಗೆಮನೆಯ ಬಾಗಿಲು ಎಳೆದುಕೊಂಡರು, ಷೆಡ್ಡಿನ ಗೇಟು ಪೂರ್ತಿ ತೆರೆದರು. ಆಮೇಲೆ ಸುತ್ತಿ ಬಂದು ನನ್ನ ಪಕ್ಕದಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡರು. ಕೈ ನಡುಗುತ್ತಿರಲಿಲ್ಲ. "ದಾರಿ ನಾನು ಹೇಳ್ತೀನಿ. ಬೇರೆ ಯಾರ ಗಾಡೀಲೂ ಅಲ್ಲಿಗೆ ಹೋಗೋಕಾಗಲ್ಲ. ಇನ್ನೊಂದು ಸಲ ನಾನೇ ಓಡಿಸ್ಕೊಂಡು ಹೋಗೋಕೂ ಆಗಲ್ಲ. ಅದಕ್ಕೇ ನಿನ್ನ ಕೈಲಿ ರಿಪೇರಿ ಮಾಡಿಸಿದ್ದು."

ಏನೇನೋ ಕೇಳಬೇಕಿತ್ತು. ಸೂಜಿ ಚುಚ್ಚಿದ ತುಟಿಯಿಂದ ಒಂದೇ ಮಾತು ಹೊರಬಂತು.

"ಅಣ್ಣ ಇದಾನಾ?"

ಅತ್ತಿಗೆ ಮುಂದಿನ ಗಾಜಿನ ಮೇಲಿದ್ದ ಒಂದು ಮಸಕನ್ನು ಸೆರಗಿನಲ್ಲಿ ನಿಧಾನವಾಗಿ ಒರೆಸಿದರು.

"ನಾನು ಬಿಟ್ಟು ಬಂದಾಗ ಇದ್ದರು."

ನಾನು ಕ್ಲಚ್ ಬಿಟ್ಟೆ. ಗಾಡಿ ಷೆಡ್ಡಿನಿಂದ ಹೊರಗೆ ಬಂತು.